ತಾಯಂದಿರ ಕೈಗಡಿಯಾರ ನಡೆಯುತ್ತಿರಲಿ

ಹಳೆಯ ಕೈಗಡಿಯಾರಗಳ ಬಗೆಗೆ ತರುಣರಲ್ಲಿ ಈಗ ಹೊಸ ಆಸಕ್ತಿ ಮೂಡಿದೆ. ಎಚ್‌ಎಂಟಿಯ ಜನತಾ, ಪೈಲಟ್ ಮುಂತಾದ ಗಂಡಸರ ವಾಚುಗಳನ್ನು ಹುಡುಕಿ ಕೊಳ್ಳುವವರು ಮುಂಬಯಿಯಲ್ಲಿಯೂ ಕಡಮೆಯಿಲ್ಲ. ಆದರೆ ಅದೇ ಸಂಸ್ಥೆಯಿಂದ ಹೊರಬಂದ, ಎಂಟಾಣೆ ನಾಣ್ಯದಷ್ಟು ಅಗಲದ, ಕೀ ಕೊಡುವ ಹೆಂಗಸರ ವಾಚನ್ನು ಕೇಳುವವರು ವಿರಳ. ನಮ್ಮ ಮನೆಗಳ ಕಪಾಟುಗಳಲ್ಲಿ, ಬ್ಯಾಂಕಿನ ಲಾಕರುಗಳಲ್ಲಿ ಅಂಥವು ನಿಂತು ಹೋಗಿ ಬಿದ್ದಿವೆ. ಅವನ್ನು ಹೀಗೆ ಮೂಲೆಗೆ ಹಾಕುವುದೂ ಸಲ್ಲದು, ಹೊಸ ಬಣ್ಣ ಬಳಿಸಿ ಮೆರೆಸುವುದೂ ಸಲ್ಲದು. ಇದ್ದ ರೂಪದಲ್ಲಿಯೇ ನಡೆಸಿಕೊಂಡು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷೀನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಹೆಂಗಸರಿಗೆಂದು ಬಂದ ‘ಸುಜಾತಾ’ ಆ ಆರಂಭದ ಕಾಲದ್ದು. ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಕಣ್ಣಿಗೆ ಭೂತಗಾಜು ಏರಿಸಿಕೊಂಡು, ಚಿಮಟದಿಂದ ಚಕ್ರಗಳನ್ನು ಕೂರಿಸುತ್ತಿದ್ದವರಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದರು. ಹೀಗೆ ಅವರು ಜೋಡಿಸಿದ ವಾಚನ್ನು ಇಲ್ಲಿ ಕಟ್ಟಿಕೊಂಡವರು ಶಾಲೆ, ಬ್ಯಾಂಕು, ಟೆಲಿಫೋನ್ ಎಕ್ಸ್‌ಚೇಂಜು, ಸರಕಾರಿ ಕಚೇರಿಗಳಿಗೆ ದುಡಿಯಲು ಹೊರಟ ನಮ್ಮ ತಾಯಂದಿರು, ಅತ್ತೆಯಂದಿರು. ಬಳೆಗಳ ಪಕ್ಕದಲ್ಲಿದ್ದರೂ ಅವರಿಗದು ಆಭರಣವಾಗಿರಲಿಲ್ಲ. ಡೊಂಬಿವಲಿಯ ಲೋಕಲ್ ತಪ್ಪಿದರೆ ಮಸ್ಟರಿನಲ್ಲಿ ಕೆಂಪು ಗುರುತು ಬೀಳುತ್ತಿತ್ತು. ಪಶ್ಚಿಮ ರೈಲ್ವೆಯು ಚರ್ಚ್‌ಗೇಟ್-ಬೋರಿವಲಿ ನಡುವೆ ಮಹಿಳೆಯರಿಗಾಗಿಯೇ ಪ್ರತ್ಯೇಕ ರೈಲನ್ನು ಓಡಿಸಿದ್ದು 1992ರಲ್ಲಿ. ಅದಕ್ಕೂ ಮುನ್ನ ಅವರು ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಮಣಿಕಟ್ಟಿನ ಈ ಪುಟ್ಟ ಯಂತ್ರವನ್ನು ನೋಡಿಕೊಂಡೇ ಮನೆಯನ್ನೂ ಕಚೇರಿಯನ್ನೂ ತೂಗಿಸಿದ್ದರು.

1984ರಲ್ಲಿ ಸ್ಥಾಪನೆಗೊಂಡ ಟೈಟಾನ್ ಸಂಸ್ಥೆಯು ನಮ್ಮ ಗಡಿಯಾಚೆಯ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಕೀ ಕೊಡುವ ಪದ್ಧತಿ ಹಿಂದೆ ಸರಿಯಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಈಗ ಒಂದು ಹಳೆಯ ವಾಚಿಗೆ ಬಿಡಿಭಾಗ ಬೇಕಾದರೆ ಬಹುಮಟ್ಟಿಗೆ ಇನ್ನೊಂದು ಹಳೆಯ ವಾಚನ್ನೇ ಬಿಚ್ಚಬೇಕು. ಆದ್ದರಿಂದ ರದ್ದಿಗೆ ಹೋಗುವ ಪ್ರತಿಯೊಂದು ವಾಚೂ ನಿಜವಾದ ನಷ್ಟ.

ಇದರ ಆರೈಕೆ ಕಷ್ಟದ್ದೇನಲ್ಲ, ನಿಯಮದ್ದು. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟುಕೊಂಡು ಕೀ ಕೊಡಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಕೀಯ ಸಣ್ಣ ಕಡ್ಡಿಯ ಮೇಲೆ ಓರೆಯಾಗಿ ಒತ್ತಡ ಬೀಳುತ್ತದೆ. ತಡೆ ತೋರಿದಲ್ಲಿ ನಿಲ್ಲಿಸಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿಸಿ, ತೊಳೆಸಿ, ಹೊಸ ಎಣ್ಣೆ ಹಾಕಿಸಬೇಕು. ಒಣಗಿದ ಎಣ್ಣೆಯಲ್ಲಿ ಓಡುವ ಚಕ್ರ ತನ್ನ ಅಚ್ಚನ್ನೇ ಸವೆಸಿಕೊಳ್ಳುತ್ತದೆ. ಮುಂಬಯಿಯ ಮಳೆಗಾಲ ಮತ್ತು ಬೆವರು ಇದರ ದೊಡ್ಡ ಶತ್ರುಗಳು. ಗಾಜಿನೊಳಗೆ ಮಂಜು ಕಂಡರೆ ಅದೇ ದಿನ ರಿಪೇರಿಯವರಲ್ಲಿಗೆ ಒಯ್ಯಬೇಕು, ಇಲ್ಲವಾದರೆ ಒಳಗಿನ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಕೈಚೀಲ ಮತ್ತು ಮೊಬೈಲ್ ಕವರುಗಳ ಅಯಸ್ಕಾಂತದ ಗುಂಡಿಗಳಿಂದಲೂ ದೂರವಿಡಬೇಕು. ಅಯಸ್ಕಾಂತದ ಗುಣ ಹತ್ತಿದರೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಅಂಟಿಕೊಂಡು ವಾಚು ವಿಪರೀತ ಮುಂದೆ ಓಡುತ್ತದೆ. ಇಷ್ಟಾದರೂ ಚಕ್ರಗಳು ತೀರ ಚಿಕ್ಕವಾದುದರಿಂದ ದಿನಕ್ಕೆ ಒಂದೆರಡು ನಿಮಿಷದ ಹೆಚ್ಚುಕಡಮೆ ಇದ್ದೇ ಇರುತ್ತದೆ. ಅದನ್ನು ದೋಷವೆಂದು ಎಣಿಸಬಾರದು.

ಇದಕ್ಕಿಂತಲೂ ಹೆಚ್ಚಿನ ಅಪಾಯ ‘ಹೊಸದು ಮಾಡುವ’ ಉತ್ಸಾಹದಲ್ಲಿದೆ. ಹಳೆಯ ಡಯಲಿನ ಮೇಲೆ ಢಾಳಾದ ಬಣ್ಣ ಬಳಿದು, ಬೇರೆ ಬೇರೆ ವಾಚುಗಳ ಭಾಗಗಳನ್ನು ಸೇರಿಸಿ ಮಾರುವ ವಾಚುಗಳಿಗೆ ಹೊರದೇಶದ ಸಂಗ್ರಾಹಕರು ‘ಮುಂಬಯಿ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ. ನಮ್ಮ ನಗರದ ಹೆಸರು ಹೀಗೆ ಬಳಕೆಯಾಗುವುದು ಹೆಮ್ಮೆಯ ಸಂಗತಿಯಲ್ಲ. ನಮ್ಮ ತಾಯಿಯವರ ಸುಜಾತಾವನ್ನು ಎಣ್ಣೆ ಹಾಕಿಸಲು ಒಯ್ದಾಗ ಉಪನಗರದ ಅಂಗಡಿಯೊಂದರಲ್ಲಿ ನನಗೂ ಇದೇ ಸಲಹೆ ದೊರೆಯಿತು: “ಡಯಲಿಗೆ ಗುಲಾಬಿ ಬಣ್ಣ ಹೊಡೆದು ಕೊಡುತ್ತೇನೆ, ಮೇಡಂ ಖುಷಿಪಡುತ್ತಾರೆ.” ಆ ಡಯಲಿನ ಅಂಚಿನಲ್ಲಿ ಕಂದು ಕಲೆಯೊಂದಿದೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮಳೆಯಲ್ಲಿ ನೆನೆದು ಮನೆ ಸೇರಿದ ಒಬ್ಬ ಹೆಣ್ಣುಮಗಳ ಸೇವಾಪುಸ್ತಕದಲ್ಲಿ ದಾಖಲಾಗದಿದ್ದ ವಿವರ ಅದು. ಕಲೆ ಅಲ್ಲಿಯೇ ಇರಲಿ, ಯಂತ್ರವನ್ನಷ್ಟೇ ಶುಚಿ ಮಾಡಿ ಎಂದೆ. ಈಗ ನನ್ನ ಮಗಳು ಅದನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾಳೆ.

ಮೊಬೈಲಿನಲ್ಲಿ ಸೆಕೆಂಡು ತಪ್ಪದ ಸಮಯ ದೊರೆಯುವಾಗ ಈ ಖರ್ಚು ಯಾಕೆ ಎಂದು ಕೇಳುವವರಿದ್ದಾರೆ. ವಾಚಿನ ಮಾರುಕಟ್ಟೆ ಬೆಲೆಯನ್ನು ಮೀರಿ ರಿಪೇರಿಯ ಕೂಲಿಯಾಗಬಹುದೆಂಬುದು ನಿಜ. ಆದರೆ ಈ ಕೂಲಿಯನ್ನು ನಾವು ಕೊಡದಿದ್ದರೆ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೇ ಉಳಿಯಲಾರವು. ಹೆಂಗಸರ ವಾಚು ಗಂಡಸರದಕ್ಕಿಂತ ಸೂಕ್ಷ್ಮ. ಅದರ ಕೆಲಸಕ್ಕೆ ಹೆಚ್ಚು ಹೊತ್ತು, ಹೆಚ್ಚು ಕಣ್ಣು ಬೇಕು. ಆದರೂ ವಾಚು ಚಿಕ್ಕದೆಂದು ಕೂಲಿಯನ್ನೂ ಚಿಕ್ಕದು ಮಾಡಲು ನಾವು ಚೌಕಾಸಿಗೆ ಇಳಿಯುತ್ತೇವೆ. ರೈಲು ನಿಲ್ದಾಣದ ಹೊರಗೆ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತ ಮುದುಕರ ಬಳಿಗೆ ಅವರ ಮಕ್ಕಳು ಈ ವಿದ್ಯೆ ಕಲಿಯಲು ಬಾರದಿರುವುದಕ್ಕೆ ಇದೂ ಒಂದು ಕಾರಣ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಅಂಥ ವಾಚೊಂದಿದ್ದರೆ ಹೊರತೆಗೆಯಿರಿ. ನಿಂತಿದ್ದರೆ ಬಲವಂತವಾಗಿ ಕೀ ತಿರುಗಿಸದೆ ಬಲ್ಲವರ ಕೈಗೆ ಕೊಡಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಡಯಲಿಗೆ ಬಣ್ಣ ಬೇಡವೆಂದು ಮೊದಲೇ ಹೇಳಿ. ಕೇಳಿದ ಕೂಲಿಯನ್ನು ಮರ್ಯಾದೆಯಿಂದ ಕೊಡಿ. ಬಳಿಕ ಅದನ್ನು ಮನೆಯ ಮಗಳೋ ಸೊಸೆಯೋ ಕಟ್ಟಿಕೊಳ್ಳಲಿ, ಅದು ಯಾರ ದುಡಿಮೆಯ ಹಣದಿಂದ ಬಂದದ್ದೆಂಬುದನ್ನೂ ಅವಳಿಗೆ ತಿಳಿಸಿ.