ಬಟವಾಡೆಯ ದಿನ ಬುದ್ಧನ ನೆನಪು



ಬುದ್ಧ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಕುಶಾಲನಗರದಾಚೆಯ ಬೈಲುಕುಪ್ಪೆ. ನೆಂಟರು ಬಂದಾಗ ಕರೆದುಕೊಂಡು ಹೋಗಿ, ಚಿನ್ನದ ಬಣ್ಣದ ಮೂರ್ತಿಗಳನ್ನು ತೋರಿಸಿ, ಒಂದು ಫೋಟೋ ತೆಗೆಸಿಕೊಂಡು ಹಿಂದಿರುಗುತ್ತೇವೆ. ಅಡಿಕೆ ಮಾರಲು ಮಂಗಳೂರಿಗೆ ಹೋದವರಲ್ಲಿ ಕೆಲವರು ಕದ್ರಿಯ ದೇವಸ್ಥಾನದಲ್ಲಿ 968ರಲ್ಲಿ ಪ್ರತಿಷ್ಠೆಯಾದ ಲೋಕೇಶ್ವರನ ಕಂಚಿನ ಮೂರ್ತಿಗೂ ಕೈಮುಗಿದಿರಬಹುದು. ಇದೆಲ್ಲ ಸರಿಯೇ. ಆದರೆ ಕೊಯ್ಲು, ಕಣ, ಗೊಬ್ಬರ, ಬ್ಯಾಂಕಿನ ಕಂತು ಎಂದು ಓಡಾಡುವವನಿಗೆ ವರ್ಷಕ್ಕೊಂದು ದಿನದ ನೆನಪು ಎಷ್ಟು ಕಾಲ ಉಳಿದೀತು? ಪುರುಸೊತ್ತು ಸಿಕ್ಕಾಗ ಧ್ಯಾನ ಮಾಡೋಣ ಎಂದವರಿಗೆ ಪುರುಸೊತ್ತು ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ನೆನಪು ಬರುವುದಿದ್ದರೆ ಕೆಲಸದ ಒಳಗಿಂದಲೇ ಬರಬೇಕು.

ಕೆಲವು ವರ್ಷಗಳಿಂದ ನಮ್ಮ ಸದಸ್ಯರ ತೋಟಗಳಿಗೆ ಕೊಯ್ಲಿನ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಆಳುಗಳು ಗುಳೆ ಬರುತ್ತಿದ್ದಾರೆ. ಅವರ ಮೇಸ್ತ್ರಿಗಳೊಡನೆ ಮಾತುಕತೆಗೆಂದು ನಾನು ಎರಡು ಮೂರು ಸಲ ಆ ಸೀಮೆಗೆ ಹೋಗಿಬಂದಿದ್ದೇನೆ. ಕಪ್ಪು ಎರೆನೆಲ, ತೊಗರಿ, ಹತ್ತಿ. ನಾರಾಯಣಪುರದ ಕಾಲುವೆ ಹರಿದ ಕಡೆ ಭತ್ತ. ಶಹಾಪುರದ ಹತ್ತಿರ ರಸ್ತೆಯಿಂದ ನೋಡಿದರೆ ಗುಡ್ಡಗಳ ಸಾಲೊಂದು ಮಲಗಿದ ಮನುಷ್ಯನಂತೆ ಕಾಣುತ್ತದೆ: ಹಣೆ, ಮೂಗು, ಎದೆ, ಚಾಚಿದ ಕಾಲು. ಅದಕ್ಕೆ ಮಲಗಿದ ಬುದ್ಧ ಎಂದೇ ಹೆಸರು. ಯಾರೂ ಕೆತ್ತಿದ್ದಲ್ಲ, ಬರಿಯ ಬಂಡೆ. ನೋಡುವವರು ಬಸ್ಸಿನಿಂದಿಳಿದು ನಿಂತು ನೋಡುತ್ತಾರೆ. ಇದರ ವಿಷಯ ಕೇಳಿದಾಗ ಒಬ್ಬ ಮೇಸ್ತ್ರಿ, "ನೋಡಾಕ ಬಂದವರು ಬುದ್ಧ ಮಲಗ್ಯಾನ ಅಂತಾರ್ರಿ ಸಾವ್ಕಾರ್ರ. ನಾವು ಹೊತ್ತು ಎಷ್ಟು ಏರೇತಿ ಅಂತ ಆ ಕಡಿ ನೋಡತೀವಿ" ಎಂದ. ನನಗೆ ಆ ಮಾತು ಹಿಡಿಸಿತು. ಬುದ್ಧನನ್ನು ಗಡಿಯಾರದಂತೆ ಬಳಸುವವರು ಅವನನ್ನು ದಿನವೂ ನೋಡುತ್ತಾರಲ್ಲ! ಮಲಗಿದ ಭಂಗಿ ಬುದ್ಧನ ಕೊನೆಯ ಗಳಿಗೆಯದು. ಆಗ ಅವನು ಶಿಷ್ಯರಿಗೆ ಹೇಳಿದ್ದು ಮೈಮರೆಯಬೇಡಿ ಎಂದೇ. ಪಾಳಿಯಲ್ಲಿ ಅದಕ್ಕೆ ಅಪ್ಪಮಾದ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಎಚ್ಚರ.

ಆದರೆ ನಾನು ಹೇಳಹೊರಟದ್ದು ಗುಡ್ಡದ ಮಾತಲ್ಲ, ಒಂದು ಚಪ್ಪಡಿಕಲ್ಲಿನ ಮಾತು. ಶಹಾಪುರ ತಾಲ್ಲೂಕಿನ ಎದುರು ದಡದಲ್ಲಿ, ಭೀಮಾ ನದಿಯ ಅಂಚಿಗೆ, ಕಲಬುರಗಿ ಜಿಲ್ಲೆಗೆ ಸೇರಿದ ಸನ್ನತಿ ಎಂಬ ಊರಿದೆ. ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲು ಬಯಲಿಗೆ ಬಂತು. ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರಗಳಲ್ಲಿ ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ಯಾವ ಕಾಲದಲ್ಲೋ ಯಾರೋ ಕಲ್ಲಿನ ನಡುವೆ ತೂತು ಕೊರೆದಿದ್ದರಿಂದ ಕೆಲವು ಸಾಲುಗಳು ಹೋಗಿವೆ. ಮುಂದೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು; ರಾಣಿಯೊಡನಿರುವ ಅಶೋಕನ ಶಿಲ್ಪವೂ, ಅದರ ಮೇಲೆ ಅವನ ಹೆಸರೂ ದೊರೆತವು. ಅಶೋಕನ ಹೆಸರನ್ನೇ ಹೇಳುವ ರಾಯಚೂರು ಜಿಲ್ಲೆಯ ಮಸ್ಕಿ ಶಾಸನವಂತೂ 1915ರಲ್ಲೇ ಸಿಕ್ಕಿತ್ತು. ಸುರಪುರದಲ್ಲಿ ವೆಂಕಟಪ್ಪ ನಾಯಕರ 1858ರ ಹೋರಾಟದ ಕಥೆ ಎಲ್ಲರ ಬಾಯಲ್ಲಿದೆ. ಅಶೋಕನ ಮಾತೆತ್ತಿದವರು ನನಗೆ ಸಿಗಲಿಲ್ಲ. ಇರಲಿ.

ಸನ್ನತಿಯ ಕಲ್ಲಿನ ವಿಶೇಷ ಏನೆಂದರೆ, ಅದರ ಒಂದು ಭಾಗ ಅಧಿಕಾರಿಗಳಿಗೆಂದೇ ಬರೆಸಿದ್ದು. ಈ ಬಗೆಯ ಪ್ರತ್ಯೇಕ ಶಾಸನ ಅಲ್ಲಿಯವರೆಗೆ ಒಡಿಶಾದ ಧೌಳಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿತ್ತು. ಅಲ್ಲಿಯ ಪಾಠದಿಂದ ವಿಷಯ ತಿಳಿಯುತ್ತದೆ: ಪ್ರಜೆಗಳೆಲ್ಲ ನನ್ನ ಮಕ್ಕಳಿದ್ದಂತೆ ಎಂದ ಮೇಲೆ ಅರಸ ತನ್ನ ಅಧಿಕಾರಿಗಳು ಕೆಡುವುದು ಎಲ್ಲಿ ಎಂದು ಹೇಳುತ್ತಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು. ದಣಿವನ್ನೂ ಸೇರಿಸಿದ್ದಾನೆ ನೋಡಿ! ಸಂಜೆ ಆರು ಗಂಟೆಗೆ, ಲಾಟೀನಿನ ಬೆಳಕಿನಲ್ಲಾಗಲಿ ಟಾರ್ಚಿನ ಬೆಳಕಿನಲ್ಲಾಗಲಿ, ಕೊನೆಯ ಚೀಲ ತೂಗಿದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

ಈ ಮಾತು ಮರೆತುಹೋದೀತೆಂದು ಅವನು ಒಂದು ಉಪಾಯ ಮಾಡಿದ. ತಿಷ್ಯ ನಕ್ಷತ್ರದ ದಿನ ಇದನ್ನು ಗಟ್ಟಿಯಾಗಿ ಓದಿ ಕೇಳಿಸಬೇಕು. ನಡುನಡುವೆಯೂ ಓದಬಹುದು, ಕೇಳುವವನು ಒಬ್ಬನೇ ಆದರೂ ಸರಿ. ತಿಷ್ಯವೆಂದರೆ ನಮ್ಮ ಪುಷ್ಯ. ನಮಗೆ ಪುಷ್ಯವೆಂದರೆ ಮಳೆ, ಅಡಿಕೆಗೆ ಎರಡನೆಯ ಸಲ ಬೋರ್ಡೊ ಹೊಡೆಯಲು ಬಿಡುವು ಕೊಡದ ಮಳೆ. ಕೆಲಸದಲ್ಲಿ ಮುಳುಗಿದವರಿಗೆ ನೆನಪು ತಾನಾಗಿ ಬರುವುದಿಲ್ಲ, ಪಂಚಾಂಗಕ್ಕೆ ಕಟ್ಟಿಹಾಕಬೇಕು ಎಂಬುದು ಅವನಿಗೆ ಗೊತ್ತಿತ್ತು.

ಇನ್ನೊಂದು ನೆನಪು ನಮ್ಮ ಬೋರ್ಡಿನ ಮೇಲೆಯೇ ಇದೆ: ಸಂಘ. ಬೌದ್ಧ ಭಿಕ್ಷುಗಳ ಸಂಘದಲ್ಲಿ ಗೊತ್ತುವಳಿಯನ್ನು ಸಭೆಯ ಮುಂದೆ ಮೂರು ಸಲ ಹೇಳುವ ಕ್ರಮವಿತ್ತು. ಒಪ್ಪಿದವರು ಸುಮ್ಮನಿರಬೇಕು, ಒಪ್ಪದವರು ಮಾತನಾಡಬೇಕು. ಭೇದವಾದರೆ ಕಡ್ಡಿ ಹಂಚಿ ಮತ ಎಣಿಸಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಕೋರಂ, ಗೊತ್ತುವಳಿ, ಮತ ಎಣಿಕೆಗಳೆಲ್ಲ ಆ ಸಂಘಗಳಿಗೆ ತಿಳಿದಿದ್ದವು ಎಂದು ನೆನಪಿಸಿದರು. ನಮ್ಮ ಸರ್ವಸದಸ್ಯರ ಸಭೆಯಲ್ಲಿ ಒಪ್ಪದವರು ಸುಮ್ಮನಿದ್ದು, ಹೊರಗೆ ಬಂದು ಕಾಫಿ ಕುಡಿಯುವಾಗ ಮಾತನಾಡುತ್ತಾರೆ. ಕಾರ್ಯದರ್ಶಿಯಾಗಿ ಇಷ್ಟು ಹೇಳಲು ನನಗೆ ಹಕ್ಕಿದೆ ಎಂದುಕೊಳ್ಳುತ್ತೇನೆ.

ಬಟವಾಡೆಯ ದಿನ ಎಣಿಸುವ ಒಂದೊಂದು ನೋಟಿನ ಮೇಲೂ ಸಾರನಾಥದ ಅಶೋಕಸ್ತಂಭದ ಸಿಂಹಗಳಿವೆ. ಆಳಿಗೆ ಆ ನೋಟು ಸರಿಯಾದ ಲೆಕ್ಕದಲ್ಲಿ ಸೇರುತ್ತಿದೆಯೇ? ಹಣ್ಣಿನ ತೂಕದಲ್ಲಿ ಚೀಲಕ್ಕೆಂದು ಒಂದು ಕಿಲೋ ಕಡಿಯುವ ರೂಢಿ ಕೆಲವು ತೋಟಗಳಲ್ಲಿದೆ. ಗೋಣಿಚೀಲದ ಕಾಲದಲ್ಲಿ ಅದಕ್ಕೆ ಏನಾದರೂ ಅರ್ಥವಿತ್ತು. ಈಗಿನ ಪ್ಲಾಸ್ಟಿಕ್ ಚೀಲವನ್ನು ತಕ್ಕಡಿಗೆ ಹಾಕಿ ನೋಡಿ, ನೂರು ಗ್ರಾಮಿನ ಆಸುಪಾಸು ತೂಗುತ್ತದೆ. ದಿನಕ್ಕೆ ಮೂರು ಚೀಲ ತುಂಬುವ ಹೆಂಗಸಿಗೆ ಎರಡೂವರೆ ಕಿಲೋಕ್ಕಿಂತ ಹೆಚ್ಚು ಹಣ್ಣಿನ ಕೂಲಿ ಹೋದಂತಾಯಿತು. ಮುಂಗಡದ ಪುಸ್ತಕವೂ ಹಾಗೆಯೇ. ಮೇಸ್ತ್ರಿಗೂ ಮಾಲೀಕರಿಗೂ ಅದು ಗೊತ್ತು. ಯಾರ ತಲೆಯ ಮೇಲೆ ಸಾಲವಿದೆಯೋ ಅವರಿಗೆ ಗೊತ್ತಿಲ್ಲ. ಆಳುಗಳಿಗೆ ಬೆಲೆ ಸಿಗದ ವರ್ಷದಲ್ಲಿ ನಮಗೂ ಕಷ್ಟವೇ ಎಂದು ಕೆಲವರು ವಾದಿಸಬಹುದು. ಬೆಲೆ ಇಳಿದ ವರ್ಷ ಕೂಲಿಯ ದರ ಮಾತಾಡಿ ಗೊತ್ತುಮಾಡಿಕೊಳ್ಳಲಿ. ತೂಕದಲ್ಲಿ ಏಕೆ ಹಿಡಿಯಬೇಕು?

ಆದ್ದರಿಂದ ಮುಂದಿನ ಸಭೆಯಲ್ಲಿ ಈ ಗೊತ್ತುವಳಿ ಮಂಡಿಸುತ್ತೇನೆ: ಚೀಲದ ಕಡಿತ ಚೀಲದ ನಿಜತೂಕಕ್ಕೆ ಮೀರಬಾರದು, ತೂಗುವಾಗ ತಕ್ಕಡಿ ಕೊಯ್ದವರ ಕಣ್ಣಿಗೆ ಬೀಳುವಂತಿರಬೇಕು, ಮುಂಗಡದ ಪುಸ್ತಕವನ್ನು ಕೊಯ್ಲಿನ ಮೊದಲು, ನಡುವೆ, ಕೊನೆಗೆ, ಹೀಗೆ ಮೂರು ಸಲ ಆಳುಗಳ ಮುಂದೆ ಹೆಸರು ಹೆಸರಾಗಿ ಗಟ್ಟಿಯಾಗಿ ಓದಬೇಕು. ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ ಇದು ತೀರ್ಮಾನವಾದರೆ ಈ ವರ್ಷವೇ ಜಾರಿಗೆ ತರಬಹುದು. ಒಪ್ಪದವರು ದಯವಿಟ್ಟು ಸಭೆಯಲ್ಲೇ ಎದ್ದು ನಿಂತು ಮಾತನಾಡಬೇಕು. ಮೂರು ಸಲ ಓದುತ್ತೇನೆ.