ಹೆಸರು ಹೊಸದಾದರೆ ಲೋಕ ಹೊಸದಾದೀತೇ?

ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಕಥೆ ಕಟ್ಟುತ್ತ ಆಡುವ ಫ್ಯಾಂಟಸಿ ರೋಲ್-ಪ್ಲೇಯಿಂಗ್ ಆಟಗಳ ವಿಷಯದಲ್ಲಿ ಒಂದು ತೀರ್ಪು ಬಹುಕಾಲದಿಂದ ಚಲಾವಣೆಯಲ್ಲಿದೆ: ಎಲ್ಫರು, ಕುಳ್ಳರು ಇದ್ದರೆ ಆ ಲೋಕ ಆಂಗ್ಲ ಲೇಖಕ ಟೋಲ್ಕಿನ್ನನ ನಕಲು, ಅವರನ್ನು ಹೊರದೂಡಿದರೆ ಸ್ವಂತಿಕೆ. ಈ ವಾದ ಪೊಳ್ಳು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಟೋಲ್ಕಿನ್ನನ 'ಹಾಬಿಟ್'ಗಳೇ ಇದ್ದರು. ಹಕ್ಕಿನ ತಕರಾರು ಎದ್ದಾಗ ಅವರು 'ಹಾಫ್‌ಲಿಂಗ್'ಗಳಾದರು. ಹೆಸರು ಬದಲಾಯಿತು, ಪಾತ್ರ ಬದಲಾಗಲಿಲ್ಲ.

ಅದೇ ಆಟಕ್ಕಾಗಿ 1991ರಲ್ಲಿ ಬಂದ 'ಡಾರ್ಕ್ ಸನ್' ಲೋಕವನ್ನು ನೋಡಿ. ಅಲ್ಲಿಯೂ ಎಲ್ಫರಿದ್ದಾರೆ, ಹಾಫ್‌ಲಿಂಗ್‌ಗಳಿದ್ದಾರೆ. ಆದರೆ ಲೋಹ ದುರ್ಲಭ. ಆಯುಧ ಎಲುಬಿನದು, ಕಲ್ಲಿನದು. ಸಂಯಮವಿಲ್ಲದ ಮಾಂತ್ರಿಕನು ಮಂತ್ರ ಪ್ರಯೋಗಿಸಿದರೆ ಸುತ್ತಲ ಸಸ್ಯಗಳ ಜೀವಸತ್ತ್ವ ಬತ್ತಿ ನೆಲ ಬೂದಿಯಾಗುತ್ತದೆ. ಈ ಒಂದು ನಿಯಮದಿಂದಲೇ ಆ ಲೋಕ ಮರುಭೂಮಿಯಾದ ಬಗೆಯೂ, ಜನ ಮಾಂತ್ರಿಕರನ್ನು ದ್ವೇಷಿಸುವ ಕಾರಣವೂ ತಿಳಿಯುತ್ತವೆ. ಅಲ್ಲಿನ ಹಾಫ್‌ಲಿಂಗ್ ನರಭಕ್ಷಕ. ಅವನನ್ನು ಯಾರೂ ಹಾಬಿಟ್ ಎಂದು ಭ್ರಮಿಸರು.

ವಾತಾವರಣವು ವರ್ಣನೆಯಿಂದ ಹುಟ್ಟುವುದಿಲ್ಲ. ಕೊರತೆಯಿಂದ, ಪ್ರತಿ ಕ್ರಿಯೆಗೆ ತೆರಬೇಕಾದ ಬೆಲೆಯಿಂದ ಹುಟ್ಟುತ್ತದೆ. ಲೋಕ ಕಟ್ಟುವವರು ಹೊಸ ಜನಾಂಗಗಳ ಹೆಸರು ಹುಡುಕುವ ಮೊದಲು ಇಷ್ಟನ್ನು ಕೇಳಿಕೊಳ್ಳಲಿ: ಇಲ್ಲಿ ಒಂದು ಗುಟುಕು ನೀರಿಗೆ ಏನು ಬೆಲೆ? ಅದನ್ನು ತೆರುವವರು ಯಾರು?