ದೇಹಕ್ಕೊಪ್ಪುವ ಬೀಸು

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಹುಡುಗರಿಗೆ ಗಾಲ್ಫ್ ಆಟದ ಪರಿಚಯ ಕಡಿಮೆ. ಆದರೆ ಚಿನ್ನಿದಾಂಡು ಆಡಿದವರಿಗೆ ಅದರ ಮೂಲತತ್ತ್ವ ಹೊಸದೇನೂ ಅಲ್ಲ. ಕೋಲಿನ ಬಲವು ಕೈಯಿಂದ ಮಾತ್ರ ಬರುವುದಿಲ್ಲವೆಂಬುದನ್ನು ಅರಿಸಿನದ ಹೊಲದಲ್ಲಿ ಗುದ್ದಲಿ ಎತ್ತುವ ರೈತನೂ ಬಲ್ಲನು. ಗಾಲ್ಫ್ ಆಟಗಾರನು ಪಾದಗಳಿಂದ ನೆಲವನ್ನೊತ್ತಿ, ಮೊದಲು ಸೊಂಟವನ್ನೂ ಅನಂತರ ಭುಜಗಳನ್ನೂ ತಿರುಗಿಸುತ್ತಾನೆ. ತೋಳು ಅದನ್ನು ಹಿಂಬಾಲಿಸುತ್ತದೆ; ಕೋಲಿನ ತುದಿ ಎಲ್ಲಕ್ಕಿಂತ ಕಡೆಗೆ, ಎಲ್ಲಕ್ಕಿಂತ ವೇಗವಾಗಿ ಬರುತ್ತದೆ. 1968ರಲ್ಲಿ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬವರು ಈ ಬೀಸನ್ನು ಜೋಡಿ ಲೋಲಕವೆಂದು ವಿವರಿಸಿದರು: ತೋಳು ಒಂದು ಲೋಲಕ, ಕೋಲು ಮತ್ತೊಂದು, ಮಣಿಕಟ್ಟು ಅವೆರಡರ ನಡುವಣ ಕೀಲು. ದೇಹದ ಚಲನೆಯನ್ನು ಹೀಗೆ ಲೆಕ್ಕಕ್ಕೆ ತರುವ ಶಾಸ್ತ್ರವೇ ಜೀವಯಂತ್ರಶಾಸ್ತ್ರ.

ಈ ಶಾಸ್ತ್ರದ ಮೇಲೆ ನನಗೆ ಗೌರವವಿದೆ. ಆದರೆ ಅದರ ಮಾದರಿಗಳು ಬಹುಮಟ್ಟಿಗೆ ದೃಢಕಾಯರನ್ನು ಅಳೆದು ರೂಪಿಸಿದವು. ಎಡಗಡೆ ಕೃತಕ ಕಾಲುಳ್ಳ ಬಲಗೈ ಆಟಗಾರನು ಅದೇ ಮಾದರಿಯನ್ನು ಅನುಸರಿಸಿದರೆ ಏನಾದೀತು? ಹೊಡೆತದ ಹೊತ್ತಿಗೆ ದೇಹದ ಬಹುಪಾಲು ಭಾರ ಎಡಗಾಲಿಗೆ ಬರುತ್ತದೆ. ಕೃತಕ ಪಾದವು ತಾನಾಗಿ ತಿರುಗದಿದ್ದರೆ, ಆ ತಿರುಚು ಉಳಿದ ಕಾಲಿನ ಚರ್ಮವನ್ನೂ ಕೀಲನ್ನೂ ಪೀಡಿಸುತ್ತದೆ. ಎಡಪಾದವನ್ನು ತುಸು ಹೊರಮುಖವಾಗಿ ಇಡಬಹುದು. ಕೃತಕ ಕಾಲಿಗೆ ತಿರುಗುವ ಕೀಲೊಂದನ್ನು ಸೇರಿಸಬಹುದು. ಗಾಲಿಕುರ್ಚಿಯಲ್ಲಿ ಕುಳಿತವನಿಗಾದರೋ ಬೀಸು ಬೆನ್ನು ಭುಜಗಳಿಂದಲೇ ಹುಟ್ಟಬೇಕು. ಇದನ್ನು ಕುಂದುಳ್ಳ ಬೀಸೆನ್ನುವುದು ಸರಿಯಲ್ಲ. ಇದು ಬೇರೊಂದು ಬೀಸು.

ಎತ್ತರ ಜಿಗಿತದ ಒಂದು ನಿದರ್ಶನವನ್ನು ನೋಡಿರಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶರು, ಎಡಗಾಲು ಊನವಾಗಿದ್ದರೂ, ಕತ್ತರಿ ಶೈಲಿಯಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಪದಕ ಪಡೆದರು. ಬಾಲ್ಯದಲ್ಲಿಯೇ ಎಡಗಾಲನ್ನು ಕಳೆದುಕೊಂಡಿದ್ದ ಫಿಜಿ ದೇಶದ ಇಲಿಯೇಸ ಡೆಲಾನ ಒಂಟಿಕಾಲಿನಲ್ಲಿ ಕುಪ್ಪಳಿಸಿ ಬಂದು ದಾಟಿದ್ದೂ ಅದೇ 1.74 ಮೀಟರ್. ವಿಫಲ ಯತ್ನಗಳ ಎಣಿಕೆಯಿಂದ ಚಿನ್ನ ಅವರಿಗೆ ಸಂದಿತು. ಇವರಿಬ್ಬರಲ್ಲಿ ಯಾರದು ಶುದ್ಧವಾದ ಜಿಗಿತ?

ಆಟಕ್ಕೊಂದು ಮಾನದಂಡ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ಅಡ್ಡಪಟ್ಟಿ ಬೀಳಬಾರದು, ಚೆಂಡು ಕುಳಿ ಸೇರಬೇಕು, ಅಷ್ಟೇ ಮಾನದಂಡ. ಗಾಲ್ಫಿನ ನಿಯಮಗಳೇ 2023ರಿಂದ ವಿಕಲಚೇತನ ಆಟಗಾರರಿಗೆ ಬೇಕಾದ ಮಾರ್ಪಾಡುಗಳನ್ನು 25ನೆಯ ನಿಯಮದಲ್ಲಿ ಒಳಗೊಂಡಿವೆ. ಹಿಂದೆ ಬಿದ್ದಿರುವುದು ಕಲಿಸುವ ಕ್ರಮ.

ಆಟದ ಅವಧಿಯಲ್ಲಿ ಕಾಲು ಊನವಾದ ಮಗುವನ್ನು ಮರದ ನೆರಳಿನಲ್ಲಿ ಕೂರಿಸಿ, ಅಂಕ ಬರೆಯುವ ಕೆಲಸ ಒಪ್ಪಿಸುವುದುಂಟು. ಇದನ್ನು ಕರುಣೆಯೆಂದು ಭಾವಿಸುತ್ತೇವೆ. ನನಗಿದು ಸೋಮಾರಿತನವಾಗಿ ತೋರುತ್ತದೆ. ಆ ಮಗುವಿನ ಕೈಗೆ ದಾಂಡನ್ನು ಕೊಟ್ಟು, ಅದರ ಬೀಸನ್ನು ಮೊಬೈಲಿನಲ್ಲಿ ಚಿತ್ರಿಸಿ, ನಿಧಾನಗತಿಯಲ್ಲಿ ನೋಡುವುದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಭಾರ ಯಾವ ಕಾಲಿನ ಮೇಲಿದೆ, ಸೊಂಟ ಎಲ್ಲಿಯವರೆಗೆ ತಿರುಗುತ್ತದೆ, ಭುಜ ಯಾವಾಗ ಹೊರಡುತ್ತದೆ ಎಂಬುದನ್ನು ವ್ಯಾಯಾಮ ಶಿಕ್ಷಕರು ಆ ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದು.